ಮುರಿದು ಕೊಟ್ಟ ಹೆಸರು

ಬಾಯೊಳಗೆ ಇಷ್ಟೊಂದು ಜಾಗಗಳಿವೆ ಅನ್ನೋದು ಕುಳ್ಳಮ್ಮನಿಗೆ ಗೊತ್ತಾದದ್ದು ಮೊಮ್ಮಗಳಿಗೆ ಐದು ತುಂಬಿದ ಮೇಲೆ. ಅಲ್ಲಿಯವರೆಗೆ ಬಾಯಿ ಅಂದರೆ ಮುದ್ದೆ ನುಂಗಲಿಕ್ಕೆ, ಎಲೆಅಡಿಕೆ ಜಗಿಯಲಿಕ್ಕೆ, ಎಮ್ಮೆಗೆ ಬೈಯಲಿಕ್ಕೆ ಇರುವ ಒಂದೇ ಒಂದು ಗುಂಡಿ ಎಂದುಕೊಂಡಿದ್ದಳು. ಈಗ ಕೋಟೆ ಪಟ್ಟಣದ ಇಂಗ್ಲಿಷ್ ಸ್ಕೂಲಿನ ವರಾಂಡದಲ್ಲಿ, ಬೆಂಚಿನ ಮೇಲೆ ಪಕ್ಕಕ್ಕೆ ಚಿನ್ನುವನ್ನು ಕೂರಿಸಿಕೊಂಡು, ಒಳಗಿನಿಂದ ಕರೆ ಬರುವುದನ್ನು ಕಾಯುತ್ತ, ತುಟಿ ಮುಚ್ಚಿಕೊಂಡೇ ನಾಲಿಗೆಯನ್ನು ಓಡಾಡಿಸುತ್ತಿದ್ದಳು. ಮೇಲಿನ ಹಲ್ಲಿನ ಹಿಂದೆ ಒಂದು ಪುಟ್ಟ ದಿಣ್ಣೆ. ದಿಣ್ಣೆ ದಾಟಿದರೆ ನುಣುಪಾದ ಬಯಲು. ಇನ್ನೂ ಹಿಂದಕ್ಕೆ ಹೋದರೆ ಮೆತ್ತಗಿನ ತಗ್ಗು, ಅಲ್ಲಿಗೆ ನಾಲಿಗೆ ಎಟುಕುವುದಿಲ್ಲ. ಒಂದೊಂದು ಜಾಗದಲ್ಲಿ ಒಂದೊಂದು ಸದ್ದು ಕೂತಿದೆ, ನಾವು ಹೋಗಿ ತಾಕಿದರೆ ಎದ್ದು ಬರುತ್ತದೆ. ತನ್ನದೇ ಹೊಲದಲ್ಲಿ ಇಷ್ಟು ವರ್ಷ ಕಾಣದಿದ್ದ ಬದುಗಳನ್ನು ಈಗ ತುಳಿಯುತ್ತಿದ್ದೇನೆ ಅನ್ನಿಸಿ ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಹೆದರಿಕೆಯೂ ಬಂತು. ಒಳಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಗೊತ್ತಿದ್ದೂ ಹೇಳಲಾರಳು.

ವರಾಂಡದ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಅದನ್ನು ನೋಡಿಯೇ ಅವಳು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಬಂದಿದ್ದಳು. ಯಾರೂ ಬಿಡು ಅಂದಿರಲಿಲ್ಲ. ಕೂತ ಮೇಲೆ ನೋಡಿದರೆ ಎದುರು ಬೆಂಚಿನ ಗಂಡಹೆಂಡತಿ, ಅವರ ಮಗ, ಆಚೆ ಫೋನು ಒತ್ತುತ್ತಿದ್ದ ಗಂಡಸು, ಎಲ್ಲರ ಕಾಲಲ್ಲೂ ಚಪ್ಪಲಿ, ಬೂಟು ಇದ್ದೇ ಇದ್ದವು. ಈಗ ಎದ್ದು ಹೋಗಿ ಮೆಟ್ಟಿಕೊಂಡು ಬಂದರೆ ಎಲ್ಲರೂ ನೋಡುತ್ತಾರೆ, ಹೋಗದಿದ್ದರೆ ಬರಿಗಾಲನ್ನು ನೋಡುತ್ತಾರೆ. ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡು ಸೀರೆಯ ಅಂಚು ಇಳಿಬಿಟ್ಟಳು. ಎದುರಿನ ಹೆಂಗಸು ಮಗನನ್ನು ಇಂಗ್ಲಿಷಿನಲ್ಲೇ ಗದರುತ್ತಿದ್ದಳು. ಮಾತು ಅರ್ಥವಾಗದಿದ್ದರೂ ಕುಳ್ಳಮ್ಮ ಆಕೆಯ ಬಾಯನ್ನೇ ನೋಡಿದಳು. ಕೆಳತುಟಿ ಹಲ್ಲಿಗೆ ತಾಕಬೇಕಾದ ಕಡೆ ತಾಕುತ್ತಿರಲಿಲ್ಲ. ಅದನ್ನು ನೋಡಿದವಳು, ಛೀ, ಇದೇನು ಬುದ್ಧಿ ಬಂತು ನನಗೆ, ಇನ್ನೊಬ್ಬರ ತುಟಿ ಎಣಿಸೋದು ಎಂದು ತನ್ನನ್ನೇ ಬೈದುಕೊಂಡಳು.

ಅವಳ ಮಗ ಶಿವಶಂಕರ, ಸೊಸೆ ಇಬ್ಬರೂ ಕೊಡಗಿನ ಕಾಫಿ ತೋಟದಲ್ಲಿದ್ದರು. ಹಣ್ಣು ಕುಯ್ಯುವ ಕಾಲ, ರಜೆ ಸಿಗುವುದಿಲ್ಲ. 'ನೀನೇ ಓಗವ್ವ. ಕೂಸ ಮಾತಾಡುಸ್ತಾರೆ, ನಿನ್ನೂ ನಾಲ್ಕು ಮಾತು ಕೇಳ್ತಾರೆ, ಏಳುದ್ರೆ ಆಯ್ತು' ಎಂದು ಫೋನಿನಲ್ಲಿ ಹೇಳಿದ್ದ. ಆಮೇಲೆ ದನಿ ತಗ್ಗಿಸಿ, 'ಸೀಟಾಗ್ನಿಲ್ಲ ಅಂದ್ರೆ ಕೂಸ ಇಲ್ಲಿಗೇ ಕರ್ಕಂಬತ್ತೀವಿ ಕಣವ್ವ. ಇಲ್ಲೂ ಒಂದು ಸ್ಕೂಲದೆ' ಎಂದಿದ್ದ. ಅವಳು 'ಅಂಗೇ ಮಾಡಪ್ಪ' ಎಂದು ಫೋನಿಟ್ಟವಳು ಆವತ್ತು ಒಲೆಗೆ ಬೆಂಕಿ ಹಾಕುವುದನ್ನೇ ಮರೆತಳು. ಮೊಲೆ ಬಿಡಿಸಿದ ದಿನದಿಂದ ಚಿನ್ನು ಮಲಗುವುದು ಅವಳ ಮಗ್ಗುಲಲ್ಲಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಆ ಮುಷ್ಟಿ ಇಲ್ಲದ ಹಾಸಿಗೆ ಕುಳ್ಳಮ್ಮನಿಗೆ ಬೇಡವಾಗಿತ್ತು. ಈ ಬೆಂಚಿನ ಮೇಲೆ ತಾನು ಕೂತಿರುವುದು ಮಗುವಿನ ವಿದ್ಯೆಗಲ್ಲ, ಆ ಮುಷ್ಟಿಗೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಊರು ಹಂಪಾಪುರದಲ್ಲಿ, ರಾಗಿ ಮಿಲ್ಲಿನ ಹಿಂದಿನ ರೂಮಿನಲ್ಲಿ ಸಂಘಮಿತ್ರ ಮಿಸ್ಸು ಪಾಠ ಶುರು ಮಾಡಿದ್ದಳು. ಎಬಿಸಿಡಿ ಬಾಯಿಪಾಠ ಅಲ್ಲವಂತೆ, ಸದ್ದಿನಿಂದ ಕಲಿಸುವುದಂತೆ, ಫೋನಿಕ್ಸ್ ಎಂದು ಅದರ ಹೆಸರು. ಜೊತೆಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನೂ ಹೇಳಿಕೊಡುತ್ತಿದ್ದಳು. ಅಜ್ಜಿ ಬಾಗಿಲು ದಾಟಿದರೆ ಚಿನ್ನು ಸೂರು ಹಾರುವ ಹಾಗೆ ಅಳುತ್ತಿದ್ದುದರಿಂದ ಕುಳ್ಳಮ್ಮನೂ ಮಕ್ಕಳ ಸಾಲಿನ ಕೊನೆಯಲ್ಲಿ ಚಾಪೆಯ ಮೇಲೆ ಕೂತಳು. 'ಸುಮ್ನೆ ಕೂತ್ಕೋಬೇಡಿ ಅಮ್ಮ, ನೀವೂ ಹೇಳಿ' ಎಂದಳು ಮಿಸ್ಸು. 'ಅಯ್ಯೋ, ನಂಗ್ಯಾಕೆ ಮಿಸ್ಸಮ್ಮ, ನಾನೇನು ಕಲೆಟ್ರಾಗ್ಬೇಕಾ' ಎಂದು ಇವಳು ನಕ್ಕರೆ ಮಿಸ್ಸು ಒಂದು ಪುಟ್ಟ ಕನ್ನಡಿ ತಂದು ಕೈಗಿಟ್ಟಳು. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಹ' ಅನ್ನಬೇಕು, ಬಿಸಿ ಉಸಿರು ಬಡಿಯಬೇಕು. ಮಕ್ಕಳ ಅಂಗೈಗೆಲ್ಲ ಬಡಿಯಿತು, ಕುಳ್ಳಮ್ಮನ ಅಂಗೈ ತಣ್ಣಗೇ ಇತ್ತು. ಅಸ, ಅಣ, ಅಳ್ಳಿ, ಅಬ್ಬ. ಹುಟ್ಟಿದಾಗಿನಿಂದ ಆ ಉಸಿರಿಲ್ಲದೆ ಹಸು ಹಾಲು ಕೊಟ್ಟಿತ್ತು, ಹಬ್ಬ ಬಂದು ಹೋಗಿತ್ತು. ಊರಿಗೂರೇ ಬಳಸದೆ ಮೂಲೆಗಿಟ್ಟ ಉಸಿರು ಅದು. ಕೊನೆಗೊಂದು ದಿನ ಅದು ಅಂಗೈಗೆ ಬೆಚ್ಚಗೆ ತಾಕಿದಾಗ ಅವಳು ಬೆಚ್ಚಿ ಕೈ ತೆಗೆದಳು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಮಿಸ್ಸು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯವಳು, ಅಲ್ಲಿ ಊರಾಚೆಯ ಕೇರಿಯವಳು. ಮೊದಲ ವಾರ ಅವಳು ಟೀ ತಂದಾಗಲೆಲ್ಲ ಕುಳ್ಳಮ್ಮ 'ಈಗ್ತಾನೆ ಕುಡ್ದು ಬಂದೆ' ಅನ್ನುತ್ತಿದ್ದಳು. ಯಾಕೆ ಅನ್ನುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಲೋಟವನ್ನು ನೋಡುತ್ತಿದ್ದರು. ಅದೇ ಮಿಸ್ಸು ಒಂದು ದಿನ ಕೊರಳಲ್ಲಿ ನಡುಗುವ ಸದ್ದು, ನಡುಗದ ಸದ್ದು ಎಂದು ಬೇರೆ ಮಾಡಿ ತೋರಿಸಲಿಕ್ಕೆ ಕುಳ್ಳಮ್ಮನ ಕೈಯನ್ನು ಎತ್ತಿ ತನ್ನ ಕೊರಳ ಮೇಲೆ ಇಟ್ಟುಕೊಂಡಳು. ಬೆರಳಡಿಯಲ್ಲಿ ಜೇನುಹುಳ ಹಾರಿದ ಹಾಗಾಯಿತು. ಇನ್ನೊಬ್ಬರ ಮಾತನ್ನು ಕೈಯಲ್ಲಿ ಮುಟ್ಟಬಹುದು ಅನ್ನುವ ಬೆರಗಿನಲ್ಲಿ ಅವಳು ಕೈ ತೆಗೆಯುವುದನ್ನೇ ಮರೆತಳು. ಆವತ್ತು ಟೀ ಕುಡಿದಳು. ಕುಡಿಯುವಾಗ ಬಂದ ನಾಚಿಕೆ ಈಗಲೂ, ಈ ಹೊಳೆಯುವ ವರಾಂಡದಲ್ಲೂ, ಹಾಗೇ ಇತ್ತು. ಚಪ್ಪಲಿ ಇಲ್ಲದ ಕಾಲನ್ನು ಮುಚ್ಚಿಕೊಳ್ಳುವವಳು ಇನ್ನೊಬ್ಬರ ಲೋಟವನ್ನು ಹೇಗೆ ಒಲ್ಲೆ ಅಂದೆ?

'ಅಜ್ಜಿ, ಉಚ್ಚೆ ಬತ್ತದೆ' ಎಂದಳು ಚಿನ್ನು. ಈಗಷ್ಟೇ ಹೋಗಿ ಬಂದಿದ್ದಳು. ಹೆದರಿಕೆ. 'ಇಲ್ಲ ಕಣವ್ವ, ಬಾ, ಆಟ ಆಡಣ' ಎಂದು ಕುಳ್ಳಮ್ಮ ಅವಳ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಳು. ಮಿಸ್ಸು ಕಲಿಸಿದ ಆಟ ಅದು. ಒಬ್ಬರು ಮಾತನ್ನು ಮುರಿದು ಸದ್ದು ಸದ್ದಾಗಿ ಇನ್ನೊಬ್ಬರ ಅಂಗೈಗೆ ಹಾಕಬೇಕು, ಒಂದೊಂದು ಸದ್ದಿಗೂ ಬೆರಳಿನಿಂದ ಒಮ್ಮೆ ತಟ್ಟಬೇಕು. ಹಾಕಿಸಿಕೊಂಡವರು ಮುಷ್ಟಿ ಮುಚ್ಚಿ, ಕೂಡಿಸಿ, ಇಡೀ ಮಾತನ್ನು ಹೇಳಬೇಕು. 'ಕ್', ಒಂದು ತಟ್ಟು. 'ಆ್ಯ', ಒಂದು. 'ಟ್', ಒಂದು. ಚಿನ್ನು ಮುಷ್ಟಿ ಮುಚ್ಚಿ ಕಿವಿಯ ಹತ್ತಿರ ಹಿಡಿದುಕೊಂಡು, 'ಕ್ಯಾಟ್' ಎಂದು ಪಿಸುಗುಟ್ಟಿದಳು. ಈ ಆಟದಲ್ಲಿ ಇಬ್ಬರಿಗೂ ಹುಚ್ಚು. ಇಂಗ್ಲಿಷು ಮುಗಿದರೆ ಮನೆಯಲ್ಲಿ ಉಪ್ಪು, ಸೊಪ್ಪು, ಕೋಳಿ, ಎಮ್ಮೆ ಎಲ್ಲವನ್ನೂ ಮುರಿದು ಕೂಡಿಸುತ್ತಿದ್ದರು. ಮುರಿದರೆ ಯಾವುದರಲ್ಲೂ ಏನೂ ಇಲ್ಲ. ಉಪ್ಪನ್ನು ಬಿಡಿಸಿದರೆ ಅದರೊಳಗೆ ಉಪ್ಪಿಲ್ಲ. ಅದು ಎಲ್ಲಿಗೆ ಹೋಗುತ್ತದೆ, ಕೂಡಿಸಿದಾಗ ಎಲ್ಲಿಂದ ಬರುತ್ತದೆ ಎಂದು ಕುಳ್ಳಮ್ಮ ಕಳೆ ಕೀಳುತ್ತ ಕೀಳುತ್ತ ಯೋಚಿಸುತ್ತಿದ್ದಳು.

ಇಂಟರ್‌ವ್ಯೂಗೆಂದು ಮಿಸ್ಸು ಪ್ರಾಕ್ಟೀಸು ಮಾಡಿಸಿದಳು. ಕುರ್ಚಿಯ ಮೇಲೆ ತಾನು ದೊಡ್ಡ ಮೇಡಮ್ಮಿನ ಹಾಗೆ ಕೂತು, ನಿಮ್ಮ ಹೆಸರು, ಊರು, ಮಗನ ಹೆಸರು ಎಂದು ಕೇಳುತ್ತ ಬಂದು, 'ಯಜಮಾನ್ರ ಹೆಸರು?' ಎಂದಳು. ಕುಳ್ಳಮ್ಮ ಎಡಕ್ಕೆ ತಿರುಗಿದಳು. ಎಡಕ್ಕೆ ತಿರುಗುವುದು ಅಭ್ಯಾಸ, ಅಲ್ಲಿ ಯಾವಾಗಲೂ ಪಕ್ಕದ ಮನೆಯ ಚಿಕ್ಕಮಾದಮ್ಮ ಇರುತ್ತಿದ್ದಳು. ಸೊಸೈಟಿಯಲ್ಲಿ, ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ಇಬ್ಬರಿಗೂ ಒಂದು ಒಪ್ಪಂದ. ಕುಳ್ಳಮ್ಮನ ಗಂಡನ ಹೆಸರನ್ನು ಚಿಕ್ಕಮಾದಮ್ಮ ಹೇಳುತ್ತಿದ್ದಳು, ಚಿಕ್ಕಮಾದಮ್ಮನ ಗಂಡ ನಿಂಗಯ್ಯನ ಹೆಸರನ್ನು ಕುಳ್ಳಮ್ಮ ಹೇಳುತ್ತಿದ್ದಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ, ನೆರೆಯವಳ ಬಾಯಲ್ಲಿ ಬಂದರೆ ಏನೂ ಆಗುವುದಿಲ್ಲ. ಮದುವೆಯಲ್ಲಿ ಹೊಸಿಲು ಅಡ್ಡಗಟ್ಟಿ, ಹೆಸರು ಹೇಳಿದರೇ ಒಳಕ್ಕೆ ಎಂದು ನಾದಿನಿಯರು ಕಾಡಿದಾಗಲೂ ಸೆರಗಿನೊಳಗೆ ಏನೋ ಗೊಣಗಿ ದಾಟಿದ್ದಳು. ಗಂಡನ ಹೆಸರು ತಾಕುತ್ತದೆಂದು ಚಲುವ ಅನ್ನುವ ಮಾತೇ ಅವಳ ಬಾಯಲ್ಲಿ ಇರಲಿಲ್ಲ. ಚೆಂದ ಇದ್ದವರು ಚೆಂದ ಇದ್ದರು, ಅಷ್ಟೆ. ಚಲುವನಾರಾಯಣ ಅವಳಿಗೆ ಮೇಲುಕೋಟೆ ದೇವರು. 'ಅವರು ಈಗ ಇಲ್ಲವಲ್ಲ ಅಮ್ಮ, ಹೇಳಿದ್ರೆ ಏನಾಗುತ್ತೆ?' ಎಂದಳು ಮಿಸ್ಸು, ಮೆತ್ತಗೆ. ಕುಳ್ಳಮ್ಮ ಚಾಪೆಯ ಎಳೆ ಕಿತ್ತಳು. 'ಏನಾಯ್ತದೋ ಗೊತ್ತಿಲ್ಲ ಮಿಸ್ಸಮ್ಮ, ಬಾಯಿಗೇ ಬರಾಕಿಲ್ಲ' ಎಂದಳು. ಚಿನ್ನುವನ್ನು ಕೇಳಿದರೆ ಅವಳಿಗೆ ಆ ಹೆಸರೇ ಗೊತ್ತಿರಲಿಲ್ಲ. ಅವಳು ತೊಟ್ಟಿಲಲ್ಲಿದ್ದಾಗ ಹೋದವನು. ಅಪ್ಪನಿಗೆ ಅವನು ಅಪ್ಪ, ಅಜ್ಜಿಗೆ 'ಅವ್ರು', ಅವಳಿಗೆ ಗೋಡೆಯ ಮೇಲಿನ ತಾತ.

ಆವತ್ತು ಸಂಜೆ ಹಾಲು ಕರೆಯುತ್ತ, ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ, ಎಮ್ಮೆಯ ಪಕ್ಕೆಗೆ ಹಣೆ ಆನಿಸಿಕೊಂಡು 'ಚ್' ಎಂದಳು. ಏನೂ ಆಗಲಿಲ್ಲ. ಅದು ಹಲ್ಲಿಯೂ ಹೇಳುವ ಸದ್ದು, ಯಾರಾದರೂ ಬಿದ್ದರೆ ಅಯ್ಯೋ ಪಾಪ ಎನ್ನುವ ಮೊದಲು ನಾವೂ ಹೇಳುವ ಸದ್ದು. ಸ್ವಲ್ಪ ಬಿಟ್ಟು 'ಅ' ಎಂದಳು. 'ಲ್' ಎಂದಳು. ಒಂದೊಂದು ಸದ್ದಿಗೂ ಒಂದೊಂದು ಹಿಂಡು, ಚೆಂಬಿನೊಳಗೆ ಹಾಲು ಬೀಳುತ್ತಿತ್ತು. ಬಿಡಿ ಬಿಡಿಯಾಗಿ ಅವನು ಎಲ್ಲೂ ಇರಲಿಲ್ಲ. ಹಾಗಾದರೆ ಯಾವ ಸದ್ದಿಗೆ ಅವನು ಬಂದು ಸೇರಿಕೊಳ್ಳುತ್ತಾನೆ? ಕೊನೆಯದನ್ನು ಹೇಳದೆ ಉಳಿಸಿದರೆ ಮುಕ್ಕಾಲು ಹೆಸರು ಹೇಳಿದ ಹಾಗೋ, ಏನೂ ಹೇಳದ ಹಾಗೋ? ಪಾಪ ಅನ್ನುವುದು ಸದ್ದಿನಲ್ಲಿದೆಯೋ, ಸದ್ದಿನ ನಡುವಿನ ಸಂದಿಯಲ್ಲಿದೆಯೋ? ಎಮ್ಮೆ ಬಾಲ ಬೀಸಿ ಕೆನ್ನೆಗೆ ಹೊಡೆಯಿತು. ನಾಲಿಗೆ ಇನ್ನೂ ಹಲ್ಲಿನ ಹಿಂದಿನ ದಿಣ್ಣೆಯ ಮೇಲೇ ಇತ್ತು, 'ಚ್' ಹುಟ್ಟುವ ಜಾಗದಲ್ಲಿ. ಅವನು ಹೋದ ದಿನ, ನಾಲೆಯ ಆಚೆ ಬದುವಿನ ಮೇಲೆ ಅವನೇ ಮುಂದೆ ಬರುತ್ತಿದ್ದ, ತಲೆಯ ಮೇಲೆ ಹುಲ್ಲಿನ ಹೊರೆ, ಹಿಂದೆ ನಿಂಗಯ್ಯ. ಈಚೆ ದಡದಲ್ಲಿ ಬಟ್ಟೆ ಹಿಂಡುತ್ತಿದ್ದವಳಿಗೆ ಕಂಡಿತು, ಹಿಂದಿನ ಸಂಜೆಯ ಗಾಳಿಗೆ ಕರೆಂಟು ಕಂಬದಿಂದ ಕಿತ್ತು ಬಂದ ತಂತಿ ಹುಲ್ಲಿನೊಳಗೆ ಬಿದ್ದಿರುವುದು. ನಾಲಿಗೆ ಮೊದಲು ಓಡಿದ್ದು ಅವನ ಹೆಸರಿಗೇ. ಓಡಿ ದಿಣ್ಣೆಗೆ ಒತ್ತಿಕೊಂಡು ಅಲ್ಲೇ ನಿಂತಿತು. ಅಲ್ಲಿಂದ 'ನ್' ಹುಟ್ಟುವ ಜಾಗಕ್ಕೆ ಎಳ್ಳಿನಷ್ಟೂ ದೂರವಿಲ್ಲ. 'ನಿಂಗಯ್ಯಣ್ಣಾ, ನಿಂತ್ಕಳಿ!' ಎಂದು ಬಾಯಿ ಕೂಗಿತು. ನಿಂಗಯ್ಯ ನಿಂತ. ನಿಂಗಯ್ಯನನ್ನು ಕರೆಯುತ್ತಿದ್ದಾಳೆ ಎಂದುಕೊಂಡು ಅವಳ ಗಂಡ ಮುಂದಕ್ಕೆ ಹೆಜ್ಜೆ ಇಟ್ಟ.

ಊರಿನವರು ಅವಳನ್ನು ಹೊಗಳಿದರು. ಕುಳ್ಳಮ್ಮ ಕೂಗದಿದ್ದರೆ ಇನ್ನೊಂದು ಹೆಣ ಬೀಳುತ್ತಿತ್ತು ಎಂದರು. ಚಿಕ್ಕಮಾದಮ್ಮ ಕಾಲಿಗೆ ಬೀಳಲು ಬಂದು, 'ನಿನ್ನಿಂದ ನನ್ನ ತಾಳಿ ಉಳೀತು ಕಣಕ್ಕ' ಎಂದು ತಬ್ಬಿಕೊಂಡು ಅತ್ತಳು. ಆ ತಬ್ಬಿನೊಳಗೆ ಕುಳ್ಳಮ್ಮ ಕಲ್ಲಿನ ಹಾಗೆ ನಿಂತಿದ್ದಳು. ಅಂದಿನಿಂದ ಅವಳು ಯಾವ ಕಚೇರಿಗೆ ಹೋದರೂ ಚಿಕ್ಕಮಾದಮ್ಮನನ್ನು ಜೊತೆಗೆ ಕರೆದಿಲ್ಲ. ಈವತ್ತೂ ಅವಳು 'ಬತ್ತೀನಿ ತಡಿಯಕ್ಕ' ಎಂದು ಸೀರೆ ಬದಲಾಯಿಸಲು ಹೋದಾಗ ಇವಳು ಕಾಯದೆ ಬಸ್ಸು ಹತ್ತಿದ್ದಳು.

'ಚಿನ್ಮಯಿ ಎಸ್.' ಎಂದು ಆಯಾ ಬಾಗಿಲಲ್ಲಿ ಕೂಗಿದಳು. ಯಾರೂ ಏಳಲಿಲ್ಲ. ಅದು ಚಿನ್ನುವಿನ ಹೆಸರು ಎಂದು ಇಬ್ಬರಿಗೂ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ದೊಡ್ಡ ಮೇಡಂ ವಯಸ್ಸಾದವರು, ಮುಖದಲ್ಲಿ ಜೋರಿರಲಿಲ್ಲ. ಅದೇ ಇನ್ನೂ ಕಷ್ಟವಾಯಿತು. ಅವರು ಮಗುವಿನ ಹೆಸರು ಕೇಳಿದರು, ಇಂಗ್ಲಿಷಿನಲ್ಲಿ. ಚಿನ್ನು ನೆಲ ನೋಡಿದಳು. ಕೆಂಪು ಚೆಂಡು ತೋರಿಸಿ ಬಣ್ಣ ಕೇಳಿದರು, ಬೆಕ್ಕಿನ ಚಿತ್ರ ತೋರಿಸಿದರು, ಕೊನೆಗೆ ಕನ್ನಡದಲ್ಲಿ 'ಊಟ ಆಯ್ತಾ ಪುಟ್ಟ?' ಎಂದರು. ಚಿನ್ನುವಿನ ಬಾಯಿ ಹೊಲಿದ ಹಾಗಿತ್ತು. ಅವಳು ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದಳು. 'ಮನೇಲಿ ಮಾತಾಡ್ತಾಳಾ?' ಎಂದರು ಮೇಡಂ. 'ಬಾಯಿ ಮುಚ್ಚಾಕಿಲ್ಲ ಮೇಡಮ್ಮೋರೇ' ಎಂದಳು ಕುಳ್ಳಮ್ಮ. 'ನೋಡಿ, ಮಗು ಒಂದಾದ್ರೂ ಉತ್ತರ ಕೊಡ್ಬೇಕು. ಇನ್ನೊಂದು ವರ್ಷ ಬಿಟ್ಟು ಕರ್ಕೊಂಡು ಬಂದ್ರೆ ಒಳ್ಳೇದೇನೋ.' ಇನ್ನೊಂದು ವರ್ಷ ಅಂದರೆ ಕೊಡಗು ಎಂದು ಕುಳ್ಳಮ್ಮನಿಗೆ ಕೇಳಿಸಿತು. ಅವಳು ಮುಂದಕ್ಕೆ ಸರಿದು, ಯಾರೂ ಕೇಳದೆಯೇ, 'ಮೈ ನೇಮ್ ಈಸ್ ಕುಳ್ಳಮ್ಮ. ಐ ಆ್ಯಮ್ ಫ್ರಮ್' ಎಂದು, ಅಂಗೈಯನ್ನು ಬಾಯಿ ಮುಂದೆ ಹಿಡಿದು, 'ಹಂಪಾಪುರ' ಎಂದಳು. ಉಸಿರು ಬೆಚ್ಚಗೆ ಬಡಿಯಿತು. ಮೇಡಂ ಕನ್ನಡಕ ತೆಗೆದು ನೋಡಿದರು. ಅವರ ಮುಖದಲ್ಲಿ ನಗು ಇತ್ತು, ಅದು ಯಾವ ತರಹದ ನಗು ಎಂದು ತಿಳಿಯಲಿಲ್ಲ. 'ಗುಡ್. ಮನೇಲಿ ಇನ್ಯಾರಿದ್ದಾರೆ? ಗ್ರ್ಯಾಂಡ್‌ಫಾದರ್? ವಾಟ್ ಈಸ್ ಹಿಸ್ ನೇಮ್?'

ಕುಳ್ಳಮ್ಮ ಎಡಕ್ಕೆ ತಿರುಗಿದಳು. ಎಡಕ್ಕೆ ಚಿನ್ನು ಇದ್ದಳು.

ಮೇಡಂ ಕಾಯುತ್ತಿದ್ದರು. ಯಾವುದಾದರೊಂದು ಹೆಸರು ಹೇಳಿದರೆ ಇವರಿಗೇನು ಗೊತ್ತಾಗುತ್ತದೆ? ನಿಂಗಯ್ಯ ಅನ್ನಬಹುದು. ಆ ಹೆಸರು ಬಾಯಿಯ ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ತಯಾರಾಗಿ ನಿಂತಿತ್ತು. ಅದು ಬಂದುಬಿಡುತ್ತದೆ ಎಂದು ಅವಳಿಗೆ ನಿಜವಾಗಿ ಭಯವಾಯಿತು. ನಾಲಿಗೆಯನ್ನು ದಿಣ್ಣೆಗೆ ಒತ್ತಿ ಹಿಡಿದಳು, ಈ ಸಲ ಜರುಗಲು ಬಿಡಬಾರದು ಎಂದು. ಸೆರಗು ಹಿಡಿದಿದ್ದ ಮುಷ್ಟಿಯನ್ನು ಬಿಡಿಸಿ, ಆ ಪುಟ್ಟ ಅಂಗೈಯನ್ನು ಮೇಲ್ಮುಖ ಮಾಡಿ, ಬೆರಳಿನಿಂದ ಒಮ್ಮೆ ತಟ್ಟಿದಳು. 'ಚ್' ಎಂದಳು. ಮೇಡಂ ಮುಂದಕ್ಕೆ ಬಾಗಿದರು. ತೊದಲುತ್ತಿದ್ದಾಳೆ ಎಂದುಕೊಂಡರೋ ಏನೋ, 'ಪರವಾಗಿಲ್ಲ, ನಿಧಾನ' ಎಂದರು. 'ಅ' ಎಂದು ಇನ್ನೊಮ್ಮೆ ತಟ್ಟಿದಳು. ಚಿನ್ನು ನೆಲ ಬಿಟ್ಟು ಅಂಗೈ ನೋಡಿದಳು. 'ಲ್.' 'ಉ.' ಮಗುವಿನ ತುಟಿ ಅಲುಗತೊಡಗಿತು, 'ಚ... ಚಲು...' ಕುಳ್ಳಮ್ಮ ನಿಲ್ಲಿಸಲಿಲ್ಲ. 'ವ್', ಕೆಳತುಟಿಯನ್ನು ಹಲ್ಲಿಗೆ ತಾಕಿಸಿದಳು. 'ಅ.' 'ಯ್.' ಕೊನೆಯದು ಉಳಿಯಿತು. ಅದೂ ಬರಿಯ 'ಅ', ಹುಟ್ಟಿದ ಮಗುವೂ ಅಳುವಾಗ ಹೇಳುವ ಸದ್ದು. ತಟ್ಟಿದಳು, ಹೇಳಿದಳು. ಚಿನ್ನು ಮುಷ್ಟಿ ಮುಚ್ಚಿದಳು. ಕಿವಿಯ ಹತ್ತಿರ ಹಿಡಿದುಕೊಂಡಳು. ಆಮೇಲೆ, ಆ ಕೋಣೆಯಲ್ಲಿ ಮೊದಲ ಸಲ, ಗಟ್ಟಿಯಾಗಿ, ಗೆದ್ದವಳ ಹಾಗೆ ಕೂಗಿದಳು.

'ಚಲುವಯ್ಯ!'

ಕುಳ್ಳಮ್ಮ ಬಾಗಿಲ ಕಡೆ ತಿರುಗಿದಳು. ಯಾರಾದರೂ ಹಾಗೆ ಕೂಗಿದರೆ ಅವನು ಹಿತ್ತಲಿನಿಂದ 'ಓ' ಎನ್ನುತ್ತಿದ್ದ. ವರಾಂಡದಲ್ಲಿ ಆಯಾ ಒಬ್ಬಳು ನಿಂತಿದ್ದಳು, ಅಷ್ಟೆ. 'ಚಲುವಯ್ಯ ಅಂದ್ರೆ ಏನಜ್ಜಿ?' ಎಂದಳು ಚಿನ್ನು. 'ನಿಮ್ಮ ತಾತ ಕಣವ್ವ' ಎಂದಳು ಕುಳ್ಳಮ್ಮ. ಮೇಡಂ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಮಗುವನ್ನು ಹತ್ತಿರ ಕರೆದು, 'ನಂಗೂ ಈ ಆಟ ಹೇಳ್ಕೊಡ್ತೀಯಾ?' ಎಂದು ಅಂಗೈ ಚಾಚಿದರು. ಚಿನ್ನು ಆ ಅಂಗೈಗೆ 'ಕ್, ಆ್ಯ, ಟ್' ಹಾಕಿದಳು. ಆಮೇಲೆ ಡಾಗು ಹಾಕಿದಳು, ಸನ್ನು ಹಾಕಿದಳು, ಅವರು ತಪ್ಪು ಹೇಳುವ ನಾಟಕ ಮಾಡಿದಾಗ ಬಿದ್ದು ಬಿದ್ದು ನಕ್ಕಳು. 'ಸೋಮವಾರ ಬನ್ನಿ, ಎರಡು ಫೋಟೋ ತನ್ನಿ' ಎಂದರು ಮೇಡಂ. ಕುಳ್ಳಮ್ಮನಿಗೆ ಕೈ ಮುಗಿಯಲೂ ತೋಚಲಿಲ್ಲ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡಾಗ ಬಿಸಿಲಿಗೆ ಕಾದಿದ್ದ ಅದು ಕಾಲು ಸುಟ್ಟಿತು. ಆ ಉರಿಯೂ ಹಿತವಾಗಿತ್ತು.

ಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಹಂಪಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಚಿನ್ನುವಿನ ಬಾಯಿ ಈಗ ನಿಲ್ಲುತ್ತಿರಲಿಲ್ಲ. ಕೂತಲ್ಲಿ ಕೂರದೆ, ಅಜ್ಜಿಯ ಮುಂದೆ ಬಂದು ನಿಂತು, 'ಈಗ ನಾನು ಮುರೀತೀನಿ, ನೀನು ಕೂಡ್ಸು' ಎಂದು ಅವಳ ಅಂಗೈ ಬಿಡಿಸಿದಳು. ಕೆಲಸ ಮಾಡಿ ಒರಟಾದ ಅಂಗೈ, ಮಗುವಿನ ಬೆರಳು ತಟ್ಟಿದ್ದು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. 'ಚ್' ಎಂದಳು ಚಿನ್ನು. ಕುಳ್ಳಮ್ಮ ಕೈ ಎಳೆದುಕೊಳ್ಳಲು ನೋಡಿದಳು. 'ಆಟ ಕಣಜ್ಜಿ!' ಎಂದು ಚಿನ್ನು ಬಿಗಿಯಾಗಿ ಹಿಡಿದಳು. 'ಅ. ಲ್. ಉ.' ಒಂದೊಂದೇ ಬಂದು ಅಂಗೈಯಲ್ಲಿ ಬೀಳುತ್ತಿತ್ತು. ಎದುರಿಗೆ ಬಸ್ಸುಗಳ ನಡುವೆ ಜನ ಓಡಾಡುತ್ತಿದ್ದರು, ಹೊಗೆ, ಬಿಸಿಲು, ಕಡಲೆಕಾಯಿ ಕೂಗು. ಕೊನೆಯ 'ಅ' ಬಿದ್ದ ಮೇಲೆ ಅಂಗೈ ಭಾರವಾಯಿತು. ಅವಳು ಮುಷ್ಟಿ ಮುಚ್ಚಿದಳು. ಬಾಯಿ ತೆರೆದಳು.

'ಚಲುವಯ್ಯಾ, ನಿಂತ್ಕಳಿ!'

ಅಷ್ಟು ಜೋರಾಗಿ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತಲೆಯ ಮೇಲೆ ಬಾಳೆಗೊನೆ ಹೊತ್ತು ಹೋಗುತ್ತಿದ್ದವನೊಬ್ಬ ಎತ್ತಿದ ಕಾಲನ್ನು ಹಾಗೇ ಇಳಿಸಿ ನಿಂತುಬಿಟ್ಟ. ಹೊರೆಯ ಕೆಳಗಿನಿಂದ ಕತ್ತು ತಿರುಗಿಸಿ, 'ನನ್ನಾ ಅವ್ವ?' ಎಂದ. 'ಅಲ್ಲ ಕಣಪ್ಪ, ನೀನು ಓಗು' ಎಂದಳು ಕುಳ್ಳಮ್ಮ. ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ, ಮುಷ್ಟಿಯನ್ನೂ ಬಿಡಿಸಲಿಲ್ಲ. ಚಿನ್ನು ಸೊಂಟದ ಮೇಲೆ ಕೈ ಇಟ್ಟುಕೊಂಡು, ಮಿಸ್ಸಿನ ಹಾಗೆ, ತಲೆ ಅಲ್ಲಾಡಿಸಿದಳು.

'ತಪ್ಪು ಅಜ್ಜಿ. ನಾನು ಬರೀ ಚಲುವಯ್ಯ ಕೊಟ್ಟಿದ್ದು. ನಿಂತ್ಕಳಿ ಕೊಟ್ಟೇ ಇರ್ನಿಲ್ಲ.'